ಮಗುಚಿಟ್ಟ ಕಲ್ಲು

“ಇದರಲ್ಲಿ ಅವರ ಹೆಸರೇ ಇಲ್ವಲ್ಲ, ಅತ್ತೆ!”

ಕೆಂಗೇರಿಯ ಆ ಮನೆಯ ಹಜಾರಕ್ಕೆ ಪ್ರಾರ್ಥನಾ ಮಂದಿರದ ಅಸ್ತಿವಾರದ ಕಲ್ಲು ಬಂದಿತ್ತು. ನುಣುಪಾದ ಕರಿಕಲ್ಲು, ಬಂಗಾರದ ಬಣ್ಣದ ಅಕ್ಷರಗಳು. ಅಲ್ಲಿನ ಕ್ರೈಸ್ತ ಸಭೆಯನ್ನು ಶುರುಮಾಡಿದ ದಿವಂಗತ ಮರಿಯಪ್ಪನವರ ಹೆಸರಿತ್ತು. ಹೆಂಡತಿ ಸತ್ಯವತಿಯ ಹೆಸರಿತ್ತು. ಕಿರಿಯ ಮಗ ಕಾಂತರಾಜುವಿನದೂ ಇತ್ತು. ತೀರಿಕೊಂಡ ಹಿರಿಯ ಮಗ ಸಮರ್ಥನದು ಮಾತ್ರ ಇರಲಿಲ್ಲ. ಅವನ ಹೆಂಡತಿ ಕವನಾ ಮೂರು ಸಲ ಓದಿದಳು.

“ಕುಡಿದು ಗಾಡಿಯಿಂದ ಬಿದ್ದು ಸತ್ತೋನ ಹೆಸರು ದೇವರ ಮನೆಗೆ ಯಾಕೆ?” ಎಂದರು ಸತ್ಯವತಿ. “ಅಪ್ಪನಿಗೆ ಎದುರು ಮಾತಾಡಿ ಸಭೆ ಬಿಟ್ಟು ಹೋದ. ಅವನ ಸುದ್ದಿ ಎತ್ತಬೇಡ.”

ಆರು ವರ್ಷದಿಂದ ಆ ತಾಯಿ ಮಗನ ಹೆಸರನ್ನು ಬಾಯಿಬಿಟ್ಟು ಹೇಳಿರಲಿಲ್ಲ. ‘ಅವನು’ ಎನ್ನುತ್ತಿದ್ದರು, ಅಷ್ಟೆ.

“ಹಳೇ ಶೆಡ್ಡಿಗೆ ಒಬ್ರೇ ಶೀಟು ಹೊತ್ತೋರು ಯಾರು ಅತ್ತೆ? ಇಷ್ಟು ವರ್ಷ ಎಲ್ರೂ ಪ್ರಾರ್ಥನೆ ಮಾಡಿದ್ದು ಯಾರು ಹಾಕಿದ ಸೂರಿನ ಕೆಳಗೆ?... ನಾನೇನು ಒಡವೆ ಕೇಳ್ತಿದೀನಾ? ಒಂದು ಹೆಸರು!”

“ಅತ್ತಿಗೆ, ಇವತ್ತೊಂದಿನ ಬಿಟ್ಬಿಡಿ. ಪಾಸ್ಟರ್ ಬರೋ ಹೊತ್ತಾಯ್ತು,” ಎಂದ ಕಾಂತರಾಜು.

ಕವನಾ ಕಣ್ಣೊರೆಸಿಕೊಂಡು ಚಿತ್ರಾನ್ನಕ್ಕೆ ಒಗ್ಗರಣೆ ಹಾಕಲು ಹೋದಳು. ಹೆಸರಿಗೆ ಕಿತ್ತಾಡಿದವರಿಗೂ ಮಧ್ಯಾಹ್ನ ಹಸಿವಾಗುತ್ತದೆ.

ಊಟದ ಮೇಲೆ ಕಲ್ಲನ್ನು ಮಂದಿರ ಕಟ್ಟುವ ಸೈಟಿಗೆ ಸಾಗಿಸಿದರು. ಅಲ್ಲಿ ವಯಸ್ಸಾದ ಪಾಸ್ಟರ್ ಕನ್ನಡಕ ಏರಿಸಿ ಕಲ್ಲನ್ನು ಮೇಲಿನಿಂದ ಕೆಳಗೆ ಓದಿದರು. ಮತ್ತೆ ಓದಿದರು.

“ಸತ್ಯವತಮ್ಮ, ಯೇಸುಸ್ವಾಮಿ ಹೆಸರು ಎಲ್ಲಿದೆ?”

ಯಾರ ಹೆಸರು ಮೊದಲು, ಯಾರದು ದೊಡ್ಡದಾಗಿರಬೇಕು ಎಂದು ಆ ಮನೆಯಲ್ಲಿ ನಾಲ್ಕು ದಿನ ಚರ್ಚೆ ನಡೆದಿತ್ತು. ಇದೊಂದು ಯಾರಿಗೂ ಹೊಳೆದಿರಲಿಲ್ಲ!

ಸತ್ಯವತಿ ಮರಳಿನ ಗುಡ್ಡೆಯ ಮೇಲೆ ಕುಸಿದು ಕೂತರು. “ಮಗನ್ನ ಬೇಕಂತ ಬಿಟ್ಟೆ... ಸ್ವಾಮೀನ ಮರೆತೇಬಿಟ್ಟೆ...”

ಸೆರಗಿನಿಂದ ಮುಖ ಒರೆಸಿಕೊಂಡರು. “ಮೇಸ್ತ್ರಿ, ಕಲ್ಲು ಮಗುಚಿ ಇಡಪ್ಪ. ಅಕ್ಷರ ಮಣ್ಣಿನ ಕಡೆಗಿರ್ಲಿ.”

“ಯಾರಿಗೂ ಕಾಣಲ್ವಲ್ಲಮ್ಮ!” ಎಂದ ಮೇಸ್ತ್ರಿ.

“ಬೇಡ ಅತ್ತೆ,” ಕವನಾ ಓಡಿಬಂದಳು. “ಮಾವನ ಹೆಸರೂ ಒಳಗೆ ಹೋಗುತ್ತೆ...”

“ಹೋಗ್ಲಿ ಕಣೇ. ನಿಮ್ಮ ಮಾವನೂ ಪಾಯ ಅಲ್ಲ, ನಾನೂ ಅಲ್ಲ. ಯೇಸು ಒಬ್ಬನೇ. ಅವನ ಮೇಲೆ ನಿಂತಿರೋಳು ನಾನು, ಇನ್ನೊಬ್ಬನಿಗೆ ಜಾಗ ಇಲ್ಲ ಅನ್ನೋಕೆ ಯಾರು?”

ಎದ್ದು ಬಂದು ಸೊಸೆಯ ಕೈಗೆ ಮೇಸ್ತ್ರಿಯ ಕರಣೆ ಕೊಟ್ಟರು. ಮಗುಚಿದ ಕಲ್ಲಿಗೆ ಮೊದಲ ಗಾರೆಯನ್ನು ಕವನಾಳೇ ಮೆತ್ತಿದಳು. ಪಾಸ್ಟರ್ ಪ್ರಾರ್ಥನೆಗೆ ಸತ್ಯವತಿಯನ್ನೇ ಕರೆದರು. ಆಕೆ ಕಣ್ಣು ಮುಚ್ಚಿದರು.

“ಕರ್ತನೇ...” ಎಂದರು. ಆಮೇಲೆ ಎಲ್ಲರಿಗೂ ಕೇಳುವಂತೆ, “ಸಮರ್ಥ... ನನ್ನ ಮಗ ಸಮರ್ಥ!” ಎಂದರು.

ಕವನಾ ಕರಣೆ ಹಿಡಿದುಕೊಂಡೇ ಅತ್ತೆಯ ಕಾಲ ಬಳಿ ಮಣ್ಣಿನ ಮೇಲೆ ಕೂತುಬಿಟ್ಟಳು.