ಸೀಸ ಬಂದ ದಾರಿ

ಒಂದಾನೊಂದು ಊರಿನಲ್ಲಿ ಒಬ್ಬಳು ಮಲತಾಯಿ ಇದ್ದಳು. ಅವಳು ಮಗುವಿನ ಹಾಲಿಗೆ ವಿಷ ಬೆರೆಸುತ್ತಿದ್ದಳು. ನನ್ನಜ್ಜಿಯ ಕತೆಗಳಲ್ಲಿ ಅರ್ಧಪಾಲು ಹೀಗೇ ಶುರುವಾಗುತ್ತಿದ್ದವು. ಹಾಗಾಗಿ ಕೆಳಮನೆಯ ಮಲತಾಯಿ ನಮ್ಮ ಬಾಗಿಲಲ್ಲಿ ಕುಸಿದು ಕೂತಾಗ, ನೀರು ಕೊಡುವ ಮೊದಲು ನಾನು ಅವಳ ಬೆರಳುಗಳನ್ನು ನೋಡಿದೆ.

ಅವಳು ಬಂದದ್ದು ನನ್ನ ಸೋದರಮಾವನನ್ನು ಹುಡುಕಿಕೊಂಡು. ಗಾಳಿ, ನೀರು, ಮಣ್ಣಿನ ವಿಷ ಜನರ ಮೈಗೆ ಎಷ್ಟು ಸೇರುತ್ತದೆಂದು ಅಳೆಯುವುದು ಮಾವನ ಕೆಲಸವಾಗಿತ್ತು. ನಿವೃತ್ತರಾದ ಮೇಲೆ, ಕಳೆದುಹೋದ ಬೆಕ್ಕಿನಿಂದ ಹಿಡಿದು ಲಿಫ್ಟಿನ ದುರ್ವಾಸನೆಯವರೆಗೆ ಕಟ್ಟಡದ ತಲೆನೋವೆಲ್ಲ ಅವರದೇ.

ಅವಳ ಗಂಡನ ಮೊದಲ ಹೆಂಡತಿಯ ಮಗಳು, ತೊದಲು ಮಾತಿನ ಕೂಸು. ಅದರ ರಕ್ತದಲ್ಲಿ ಸೀಸ ತುಂಬಿತ್ತು. ಕಲಿತ ಮಾತುಗಳು ಒಂದೊಂದಾಗಿ ಮರೆತುಹೋಗುತ್ತಿದ್ದವು. ಆಸ್ಪತ್ರೆಗೆ ಸೇರಿಸಿದರೆ ಸೀಸ ಇಳಿಯುತ್ತಿತ್ತು, ಮನೆಗೆ ಬಂದರೆ ಏರುತ್ತಿತ್ತು. ನೀರು, ಗೋಡೆಯ ಬಣ್ಣ, ಪಾತ್ರೆ ಎಲ್ಲವನ್ನೂ ಪರೀಕ್ಷೆ ಮಾಡಿಸಿದರೂ ಏನೂ ಸಿಕ್ಕಿರಲಿಲ್ಲ. ಗಂಡ ಬ್ಯಾಟರಿ ಕಾರ್ಖಾನೆಯಲ್ಲಿ ಸೀಸ ಕರಗಿಸುವವನು, ನಿಜ. ಆದರೆ ಅಲ್ಲೇ ಸ್ನಾನ ಮಾಡಿ, ಕೆಲಸದ ಬಟ್ಟೆ ಅಲ್ಲೇ ಬಿಟ್ಟು ಬರುತ್ತಿದ್ದ. ಅನುಮಾನಕ್ಕೆ ಉಳಿದವಳು ಅಡುಗೆ ಮಾಡುವ ಮಲತಾಯಿಯೊಬ್ಬಳೇ. ಅವಳ ಅತ್ತೆ ಮಗುವನ್ನು ತನ್ನ ಕೋಣೆಗೆ ಎಳೆದುಕೊಂಡು, ಊಟವನ್ನೂ ತಾನೇ ಬೇಯಿಸಿ ಹಾಕತೊಡಗಿದ್ದಳು. ಮಾರನೆಯ ದಿನ ಪೊಲೀಸರಿಗೆ ದೂರು ಕೊಡುವುದೆಂದು ತೀರ್ಮಾನವಾಗಿತ್ತು.

"ಜೈಲಿಗೆ ಹಾಕ್ಲಿ ಸರ್, ಹೋಗ್ತೀನಿ. ಆದ್ರೆ ನಾನು ಹೋದ್ಮೇಲೂ ಕೂಸಿಗೆ ವಿಷ ಬೀಳ್ತಾನೇ ಇರುತ್ತಲ್ಲ, ಅದನ್ನ ಯಾರು ನೋಡ್ತಾರೆ?"

ಮಾವ ಕನ್ನಡಕ ಒರೆಸಿಕೊಂಡರು. "ಮಗೂನ ನಿನ್ನ ಮಡಿಲಿಗೆ ವಾಪಸ್ ಹಾಕ್ತೀನಿ ಕಣಮ್ಮ. ಮಾತು ಕೊಡ್ತೀನಿ."

ಕೆಳಮನೆಗೆ ಹೋಗಿ ನೋಡಿದರೆ ಅತ್ತೆಯ ಕೋಣೆಯಲ್ಲಿ ಧೂಳಿನ ಕಣವೂ ಇರಲಿಲ್ಲ. ಕೂಸು ಹೂವಿನ ಬಟ್ಟೆಯ ಕೌದಿ ಹೊದ್ದು, ಅದರ ಮೂಲೆಯನ್ನು ಚೀಪುತ್ತಾ ಮಲಗಿತ್ತು. ಹೂಬಟ್ಟೆ ಸವೆದಲ್ಲಿ ಒಳಗಿನ ದಪ್ಪ ನೀಲಿ ಬಟ್ಟೆ ಇಣುಕುತ್ತಿತ್ತು. ಮಾವ ಕೇಳಿದ್ದು ಎರಡೇ ಪ್ರಶ್ನೆ. ಈ ಕೋಣೆಗೆ ಬಂದ ಮೇಲೆ ಸೀಸ ಇಳಿಯಿತೇ? ಇಲ್ಲ, ಏರಿತು, ಸೊಸೆಯೇ ಕದ್ದು ಬಂದು ಏನೋ ತಿನ್ನಿಸಿರಬೇಕು ಎಂದಳು ಅತ್ತೆ. ಕೌದಿ ಆಸ್ಪತ್ರೆಗೂ ಹೋಗಿತ್ತೇ? ಅಲ್ಲಿ ಹೊರಗಿನ ಹೊದಿಕೆ ಬಿಡುವುದಿಲ್ಲವಂತೆ. ಅದಿಲ್ಲದೆ ಕೂಸು ಅತ್ತೂ ಅತ್ತೂ ಸುಸ್ತಾಗಿತ್ತಂತೆ.

ಮಾವ ಕೌದಿಯನ್ನೇ ಸುತ್ತಿಕೊಂಡು ತಮ್ಮ ಹಳೆಯ ಪ್ರಯೋಗಾಲಯಕ್ಕೆ ಹೊರಟರು. ತಾವು ಬರುವವರೆಗೆ ದೂರು ಬೇಡ ಎಂದು ಗಂಡನಿಂದ ಮಾತು ತೆಗೆದುಕೊಂಡರು.

ಮರುದಿನ ಸಂಜೆ ಎಲ್ಲರನ್ನೂ ಕೆಳಮನೆಯಲ್ಲಿ ಕೂರಿಸಿದರು.

"ಮನೇಲಿ ವಿಷ ಇದ್ದಮಾತ್ರಕ್ಕೆ ಯಾರೂ ಸಾಯಲ್ಲ," ಎಂದರು. "ಅದು ಬಾಯಿಗೋ ಮೂಗಿಗೋ ಬರೋಕೆ ದಾರಿ ಬೇಕು. ನಾನು ಹುಡುಕಿದ್ದು ಆ ದಾರೀನ."

ಮಲತಾಯಿಯ ಅಡುಗೆ ನಿಂತ ಮೇಲೂ ಸೀಸ ಏರಿದ್ದರಿಂದ ಅಡುಗೆಯಲ್ಲಿ ವಿಷವಿಲ್ಲ. ಮನೆಯವರೆಲ್ಲ ಅದೇ ನೀರು ಕುಡಿದರೂ ಕಾಯಿಲೆ ಬಿದ್ದದ್ದು ಕೂಸೊಂದೇ. ಹಾಗಾದರೆ ಅದು ಕೂಸು ಮಾತ್ರ ಬಾಯಿಗಿಡುವ ವಸ್ತು. ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಉಳಿದ ವಸ್ತು. ಕೋಣೆ ಬದಲಾದಾಗ ಕೂಸಿನ ಜೊತೆ ಹೋದ ವಸ್ತು. ಪ್ರಯೋಗಾಲಯದವರು ಕೌದಿ ಬಿಚ್ಚಿದ್ದರು; ಒಳಗಿನ ನೀಲಿ ಬಟ್ಟೆ ಹಳೆಯ ಅಂಗಿಗಳದ್ದು, ಅದರ ತುಂಬ ಸೀಸ.

"ಯಾರ ಅಂಗಿಗಳಪ್ಪ ಅವು?" ಎಂದು ಮಾವ ಮೆಲ್ಲಗೆ ಕೇಳಿದರು.

ತನ್ನವೇ ಎಂದ ಗಂಡ. ಕಾರ್ಖಾನೆಯವರು ಹೊಸ ಅಂಗಿ ಕೊಟ್ಟಾಗ ಹಳೆಯವನ್ನು ಎಸೆಯಲಿದ್ದರು. ಬಟ್ಟೆ ಗಟ್ಟಿಯಾಗಿದೆ, ಮಗುವಿಗೆ ಬೆಚ್ಚಗಿರುತ್ತದೆ ಎಂದು ಅಮ್ಮ ಕೇಳಿದ್ದಳು. ಒಮ್ಮೆ ಒಗೆದು ತಂದುಕೊಟ್ಟಿದ್ದ.

ಅತ್ತೆ ತನ್ನ ಅಂಗೈಗಳನ್ನೇ ನೋಡುತ್ತಾ ಕೂತಳು. "ನಾನೇ ಹೊಲಿದೆ. ಅಪ್ಪನ ಬಟ್ಟೆ ಮೈಮೇಲಿದ್ರೆ ಕೂಸು ಹೆದರಲ್ಲ ಅಂದ್ಕೊಂಡೆ." ಆಮೇಲೆ ಕೇಳಿದಳು, "ಮರೆತ ಮಾತು ಬರುತ್ತಾ ಸರ್?"

"ಎಲ್ಲಾ ಬರುತ್ತೆ ಅಂತ ಸುಳ್ಳು ಹೇಳಲ್ಲಮ್ಮ. ಇನ್ಮೇಲೆ ಹೋಗೋದಂತೂ ನಿಲ್ಲುತ್ತೆ."

ಕೂಸು ಮತ್ತೆ ಆಸ್ಪತ್ರೆ ಸೇರಿತು. ಮನೆಗೆ ಬಂದು ಕೆಲವು ವಾರ ಕಳೆದರೂ ಸೀಸ ಏರಲಿಲ್ಲ, ಇಳಿಯುತ್ತಲೇ ಹೋಯಿತು. ಆ ವರದಿ ಬಂದ ಮಧ್ಯಾಹ್ನ ಅತ್ತೆ ನಮ್ಮೆದುರಿಗೇ ಕೂಸನ್ನು ತಂದು ಸೊಸೆಯ ಮಡಿಲಿಗೆ ಹಾಕಿದಳು. ಕೂಸು ಅವಳ ರವಿಕೆಯ ತೋಳಿನ ಅಂಚನ್ನು ಹುಡುಕಿ ಬಾಯಿಗಿಟ್ಟುಕೊಂಡಿತು. ಅವಳು ಬೆಚ್ಚಿಬಿದ್ದು ಮಾವನ ಮುಖ ನೋಡಿದಳು.

"ಚೀಪ್ಲಿ ಬಿಡಮ್ಮ," ಎಂದರು ಮಾವ.