ಘಾಟು ಬಾರದ ಮೆಣಸು

ಇದು ನಡೆದದ್ದು ಅತ್ತಾವರದ ನಮ್ಮ ಫ್ಲ್ಯಾಟಿನಲ್ಲಿ, ಹಾಡಹಗಲಲ್ಲಿ. ಮಗಳು ಧನ್ವಿಯ ಜ್ವರ ಇಳಿಯುತ್ತಲೇ ಇರಲಿಲ್ಲ. ರಕ್ತ ಪರೀಕ್ಷೆಯಲ್ಲೂ ಏನೂ ಸಿಗದಿದ್ದಾಗ ನಾನು ಕುಶಲಕ್ಕನನ್ನು ಕರೆಸಿದೆ. ಅವರು ಬಲ್ಮಠದಲ್ಲಿ ಬ್ಲೌಸ್ ಹೊಲಿಯುತ್ತಾರೆ, ದೃಷ್ಟಿಯನ್ನೂ ತೆಗೆಯುತ್ತಾರೆ. ಬೆನ್ನ ಹಿಂದೆ ಜನ ಮಾಟಗಾತಿ ಎನ್ನುವುದೂ ಉಂಟು.

ಅವರು ಉಪ್ಪು, ಒಣಮೆಣಸನ್ನು ಮಗುವಿಗೆ ನಿವಾಳಿಸಿ ತೆಂಗಿನ ಗೆರಟೆಯ ಕೆಂಡಕ್ಕೆ ಹಾಕಿದರು. ಹೊಗೆ ಎದ್ದರೂ ಘಾಟು ಬರಲಿಲ್ಲ. ದೃಷ್ಟಿ ತಾಗಿದ್ದರೆ ಹಾಗೆಯೇ ಎಂದು ನನಗೂ ಗೊತ್ತಿತ್ತು. ಅವರು ಇನ್ನೊಮ್ಮೆ ಹಾಕಿದರು. ಆಗ ಮುಚ್ಚಿದ್ದ ಒಳಕೋಣೆಯಲ್ಲಿ ಯಾರೋ ಕೆಮ್ಮಿದರು.

“ಒಳಗೆ ಯಾರುಂಟು?”

“ಯಾರೂ ಇಲ್ಲ ಅಕ್ಕ. ಮನೆಯಲ್ಲಿ ನಾನು, ಮಗಳು ಮಾತ್ರ.”

ಕುಶಲಕ್ಕ ಆ ಬಾಗಿಲ ಬಳಿ ಹೋಗಿ, ಹಳೆಯ ಪರಿಚಯದವರನ್ನು ಗದರುವಂತೆ ಮೆಲ್ಲಗೆ ಹೇಳಿದರು: “ಇಲ್ಲಿಗೂ ಬಂದೆಯಾ ಮಾರಾಯ? ನಡಿ, ಮನೆಗೆ ಹೋಗುವ.”

ಮೆಟ್ಟಿಲು ಇಳಿಯುವಾಗ ಅವರು ಹಿಂದೆ ತಿರುಗಲಿಲ್ಲ. ಸಂಜೆಯೊಳಗೆ ಧನ್ವಿಯ ಜ್ವರ ಬಿಟ್ಟಿತು.

ಮರುದಿನ ಸಾರಿಗೆ ಒಗ್ಗರಣೆ ಕೊಡುವಾಗ ಮೆಣಸು ಕರಟಿಹೋಯಿತು. ನನಗೆ ಘಾಟು ಹತ್ತಲಿಲ್ಲ. ಒಳಕೋಣೆಯಲ್ಲಿ ಕೆಮ್ಮು ಕೇಳಿಸಿತು.

ಕುಶಲಕ್ಕನಿಗೆ ಫೋನ್ ಮಾಡಿದೆ. ಕೆಮ್ಮಿನ ವಿಷಯ ಹೇಳಿದೆ.

“ಅದು ಅಲ್ಲೇ ಉಂಟಾ?” ಎಂದರು ಅವರು. “ನಿನ್ನೆ ನನ್ನ ಮನೆತನಕ ಹಿಂದೆ ಹೆಜ್ಜೆ ಕೇಳ್ತಾ ಇತ್ತು. ತಿರುಗಿ ನೋಡುವ ಕ್ರಮ ಇಲ್ಲ ಅಂತ ನಾನು ನೋಡಲಿಲ್ಲ. ಬಾಗಿಲು ತೆಗೆದು ಒಳಗೆ ಬಿಟ್ಟೆ. ಹಾಗಾದರೆ ಇಲ್ಲಿ ಕೂತದ್ದು ಯಾರು?”