ಟವರಿನ ಕೊರಳಿಗೆ ಕೈ

ತಲೆಯ ಮೇಲೆ ಜೆಸಿಬಿಯ ಬಕೆಟ್ ತೂಗುತ್ತಿತ್ತು.

ನಾನು ಕುತ್ತಿಗೆಯವರೆಗೆ ಗುಂಡಿಯಲ್ಲಿದ್ದೆ. ದುಂಡಸಿ ರಸ್ತೆಯ ಪಕ್ಕ, ಮಟಮಟ ಮಧ್ಯಾಹ್ನ. ಕೈಯಲ್ಲಿ ಕಡಿದುಬಿದ್ದ ಇಂಟರ್ನೆಟ್ ಕೇಬಲ್ಲಿನ ತುದಿ.

"ಮ್ಯಾಲ ಬರಬ್ಯಾಡ್ರಿ," ಎಂದ ಕ್ಯಾಬಿನ್ನಿನಲ್ಲಿದ್ದವನು. "ಬಂದ್ರ ಬಕೆಟ್ ಬಿಡ್ತೇನಿ."

ದನಿ ನಡುಗುತ್ತಿತ್ತು. ಹೆದರಿದವನ ಕೈಯಲ್ಲಿ ಲಿವರ್ ಇದ್ದರೆ ಅದಕ್ಕಿಂತ ಅಪಾಯ ಇನ್ನೊಂದಿಲ್ಲ ಸ್ವಾಮಿ!

ನಾನು ಆ ಗುಂಡಿಗೆ ಯಾಕೆ ಇಳಿದೆ ಅಂತೀರಾ? ಹೇಳುತ್ತೇನೆ.

ಮೊದಲು ಪೊಲೀಸ್‌ನಲ್ಲಿದ್ದೆ. ಈಗ ಶಿಗ್ಗಾವಿಯಲ್ಲಿ ಖಾಸಗಿ ತನಿಖೆ. ಹೊಲಸು ಕೆಲಸಗಳೇ ಹೆಚ್ಚು. ಇದನ್ನು ಕೊಟ್ಟವನು ಗುದ್ಲೆಪ್ಪ. ಶಿಗ್ಗಾವಿ, ಸವಣೂರು, ಹಾನಗಲ್ಲು, ಹಿರೇಕೆರೂರು... ನಾಲ್ಕೂ ತಾಲೂಕಿಗೆ ಕೇಬಲ್ ಇಂಟರ್ನೆಟ್ ಎಳೆದವನು. ಅವನಿಗೆ ಎದುರಾಳಿಯೇ ಇರಲಿಲ್ಲ. ನೆಟ್ ಹೋಯಿತೆಂದು ಫೋನ್ ಮಾಡಿದರೆ ಅವನ ಆಳುಗಳು ಮನಸ್ಸು ಬಂದಾಗ ಬರುತ್ತಿದ್ದರು.

ಆಮೇಲೆ ಫೈವ್ ಜಿ ಬಂತು.

ಮಾಳಿಗೆಯ ಮೇಲೊಂದು ಬಿಳಿ ಡಬ್ಬಿ ಸಿಕ್ಕಿಸಿದರೆ ಆಯಿತು. ಗಾಳಿಯಲ್ಲೇ ಇಂಟರ್ನೆಟ್. ತಂತಿ ಇಲ್ಲ, ಅಗೆತ ಇಲ್ಲ, ಗುದ್ಲೆಪ್ಪನಿಗೆ ಸಲಾಮು ಹೊಡೆಯುವುದೂ ಇಲ್ಲ. ಓಣಿಗೆ ಓಣಿಯೇ ಅವನ ಕೇಬಲ್ ಕಿತ್ತು ಬಿಸಾಕಿತು.

"ನನ್ನ ವಾಯರ್ ಕಡ್ಯಾಕತ್ತಾರ," ಎಂದ ಗುದ್ಲೆಪ್ಪ. "ಆ ಡಬ್ಬಿ ಮಾರೋ ಇನಾಯತಂದ ಕೆಲಸ. ಹಿಡದು ಕೈ ಮುರೀರಿ."

ಸವಣೂರಿನ ಅಂಗಡಿಯಲ್ಲಿ ಇನಾಯತನ ಕಾಲರ್ ಹಿಡಿದೆ. ಅವನು ಬೆಚ್ಚಲಿಲ್ಲ.

"ನಾ ಯಾಕ ಕಡೀಲ್ರಿ? ನಮ್ಮ ಟವರಿಗೆ ನೆಟ್ ಎಲ್ಲಿಂದ ಬರ್ತೈತಿ ಅನ್ಕೊಂಡೀರಿ? ಕಂಪನಿಯವ್ರು ಗುದ್ಲೆಪ್ಪನ ಕೇಬಲ್ಲ ಬಾಡಿಗಿ ಹಿಡದಾರ. ಅದು ಕಡದ್ರ ಟವರ್ ಸಾಯ್ತೈತಿ."

"ಗುದ್ಲೆಪ್ಪನ ಗಿರಾಕಿಗೂ ನೆಟ್ ಹೋಗತೈತಲ್ಲ?"

"ಅವ್ರಿಗೆ ಗೊಟಗೋಡಿ ಊರ ಮ್ಯಾಲಿಂದ ಇನ್ನೊಂದು ಲೈನ್ ಐತ್ರಿ. ಚಾ ಕುಡಿಯೂದ್ರಾಗ ವಾಪಸ್ ಬರ್ತೈತಿ. ನಮ್ಮ ಟವರ್ ದಿನಗಟ್ಲೆ ಸತ್ತು ಬಿದ್ದಿರ್ತೈತಿ. ಜನ ಬಂದು ಡಬ್ಬಿ ನನ್ನ ಮಾರಿಗೆ ಒಗೀತಾರ." ಮತ್ತೆ ಅಂದ, "ತಿಳವಳ್ಳಿಯೊಳಗ ಅಡಿವೆವ್ವನ ಮನಿಗೆ ಹೋಗಿ ಬರ್ರಿ. ಟವರ್ ಸತ್ತ ದಿನ ಆಕಿ ಗಂಡನೂ ಸತ್ತ."

ಕಾಲರ್ ಬಿಟ್ಟೆ. ಕೇಬಲ್ ಹೋಗುವ ದಾರಿಗಳಲ್ಲಿ ಸುತ್ತಾಡತೊಡಗಿದೆ. ದುಂಡಸಿ ಹತ್ತಿರ ಒಂದು ಜೆಸಿಬಿ ಕಂಡಿತು. ಡ್ರೈವರ್ ಬೀಡಿ ಸೇದಲು ಮರದಡಿ ಹೋಗಿದ್ದ. ಗುಂಡಿಗಿಳಿದೆ. ಅವನು ವಾಪಸು ಬಂದದ್ದು ಗೊತ್ತಾಗಲಿಲ್ಲ.

ಈಗ ಬಕೆಟ್ ನನ್ನ ನೆತ್ತಿಯ ಮೇಲೆ.

"ಯಾರು ಕಳಸ್ಯಾರ ನಿನ್ನ?" ಎಂದೆ.

ಉತ್ತರವಾಗಿ ಬಕೆಟ್ ಬಿತ್ತು!

ಗುಂಡಿಯ ಉದ್ದಕ್ಕೆ ಉರುಳಿದೆ. ಹಿಮ್ಮಡಿಯ ಹಿಂದೆ ನೆಲ ಅದುರಿತು. ಅದು ಮತ್ತೆ ಏಳುವ ಮೊದಲೇ ಅದರ ಕಬ್ಬಿಣದ ತೋಳು ಹಿಡಿದು ಮೇಲೆ ಬಂದೆ. ಡ್ರೈವರ್ ಕ್ಯಾಬಿನ್ನಿನಿಂದ ಹಾರಿ ಗೋವಿನಜೋಳದ ಹೊಲಕ್ಕೆ ನುಗ್ಗಿದ. ನಾನೂ ನುಗ್ಗಿದೆ. ಗರಿಗಳು ಮುಖ ಕೊಯ್ದವು. ಆಳೆತ್ತರದ ಬೆಳೆ, ಏನೂ ಕಾಣುತ್ತಿಲ್ಲ... ಬರೀ ಸದ್ದು. ಆ ಸದ್ದಿನ ಮೇಲೆ ಜಿಗಿದೆ.

ಕೆಳಗೆ ಸಿಕ್ಕ.

"ಹೊಡೀಬ್ಯಾಡ್ರಿ. ಅಫ್ಜಲ ಅಂತ್ರಿ ನನ್ನ ಹೆಸರು. ಗುದ್ಲೆಪ್ಪ ಸಾವ್ಕಾರ್ರು ಹೇಳಿದ್ರು. ಟವರಿಗೆ ಹೋಗೂ ವಾಯರ್ ಕಡಿ, ಬಾಕಿ ನಾ ನೋಡ್ಕೋತೇನಿ ಅಂದ್ರು."

"ತಿಳವಳ್ಳಿ ಕಡೆ ಕಡದಾವನೂ ನೀನ?"

"ಹೂನ್ರಿ."

ಅವನನ್ನು ಕಾರಿಗೆ ತುಂಬಿಕೊಂಡು ತಿಳವಳ್ಳಿಗೆ ಹೊರಟೆ.

ಅಡಿವೆವ್ವ ಕಟ್ಟೆಯ ಮೇಲೆ ಕೂತು ಅವರೆ ಸುಲಿಯುತ್ತಿದ್ದಳು. ಕೇಳಿದ್ದಕ್ಕೆ ತಲೆ ಎತ್ತದೆ ಹೇಳಿದಳು.

"ಎದಿ ಹಿಡ್ಕೊಂಡು ಕುಂತ್ರು. ಆಂಬುಲೆನ್ಸಿಗೆ ಹಚ್ಚಿದೆ, ಫೋನ್ ಹತ್ತಲಿಲ್ಲ. ಬಾಜೂ ಮನ್ಯವ್ರದೂ ಹತ್ತಲಿಲ್ಲ. ನೀರಿನ ಟಾಕಿ ಹತ್ತಿ ಫೋನ್ ಮ್ಯಾಲ ಹಿಡಕೊಂಡು ನಿಂತೆ. ಸಿಗ್ನಲ್ಲಿಂದು ಒಂದ ಗೀಟಾದ್ರೂ ಬರ್ಲಿ ಅಂತ." ಒಂದು ಕಾಳು ಸುಲಿದಳು. "ಇಳದು ಬರೂದ್ರಾಗ ಅವ್ರು ಹೋಗಿದ್ರು. ಟಾಕಿ ಹತ್ತಬಾರದಿತ್ತು ನಾ. ಕೈಯಾದ್ರೂ ಹಿಡ್ಕೋತಿದ್ದೆ."

ಅಂಗಳದಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಅಫ್ಜಲ ಕಾರಿನ ಬಾಗಿಲು ತೆಗೆದ. ಆಮೇಲೆ ಅವನೇ ಅಂದ, "ಠಾಣೆಗೆ ನಡೀರಿ."

ಅವನನ್ನು ಠಾಣೆಯಲ್ಲಿ ಬಿಟ್ಟು ಗುದ್ಲೆಪ್ಪನ ಆಫೀಸಿಗೆ ಹೋದೆ. ಮಿರ್ಚಿ ಬಜ್ಜಿ ತಿನ್ನುತ್ತಿದ್ದ. ತುಟಿಗಳು ಎಣ್ಣೆಯಲ್ಲಿ ಹೊಳೆಯುತ್ತಿದ್ದವು.

"ಇನಾಯತನ ಕೈ ಮುರದ್ರ್ಯಾ?"

"ಇಲ್ಲ. ಅಫ್ಜಲ ಸಿಕ್ಕ."

ಅಗಿಯುವುದು ನಿಂತಿತು. ಕಣ್ಣು ಬಾಗಿಲ ಕಡೆ ಹೋಯಿತು. ಹಿಂದೆ ಶಟರ್ ಇಳಿದ ಸದ್ದು. ಇಬ್ಬರು ದಾಂಡಿಗರು, ಒಬ್ಬನ ಕೈಯಲ್ಲಿ ಕಬ್ಬಿಣದ ಪೈಪು.

"ನೋಡ್ರಿ," ಎಂದ ಗುದ್ಲೆಪ್ಪ ತಣ್ಣಗೆ. "ಊರೂರು ಅಗದು ವಾಯರ್ ಹಾಕ್ದಾಂವ ನಾನು. ಗಾಳ್ಯಾಗ ಬಂದವ್ರು ನನ್ನ ಗಿರಾಕಿ ಒಯ್ದ್ರ ಸುಮ್ನ ಕುಂಡ್ರಲೇನು? ನನ್ನ ವಾಯರ್, ನಾ ಕಡೀತೇನಿ. ಹೆಸರು ಇನಾಯತನ ಮ್ಯಾಲ ಬರ್ಲಿ ಅಂತ ನಿಮ್ಮನ್ನ ಹಿಡದೆ."

"ತಿಳವಳ್ಳಿಯೊಳಗ ಒಬ್ಬ ಸತ್ತ."

"ಎದಿನೋವು ನಾ ತಂದ್ನೇನು?"

ಇನ್ನೊಂದು ಮಿರ್ಚಿ ಎತ್ತಿಕೊಂಡ.

ಪೈಪು ಬೀಸಿ ಬಂತು. ಭುಜಕ್ಕೆ ತಗುಲಿತು. ಬಿಸಿ ಎಣ್ಣೆಯಂಥ ನೋವು! ಕುರ್ಚಿ ಎತ್ತಿ ಅವನ ಮಂಡಿಗೆ ಬಾರಿಸಿದೆ. ಇನ್ನೊಬ್ಬ ಮುಂದೆ ಬರುವಷ್ಟರಲ್ಲಿ ಶಟರನ್ನು ಹೊರಗಿನಿಂದ ಯಾರೋ ಲಾಠಿಯಿಂದ ಬಡಿದರು. ಅಫ್ಜಲನ ಹೇಳಿಕೆ ಮುಗಿದಿತ್ತು.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು.

ಗುದ್ಲೆಪ್ಪ ಬೇಲ್ ಮೇಲೆ ಹೊರಬಂದ. ಟವರಿನವರಿಗೆ ಕೇಬಲ್ ಬೇಕು. ಅವನಿಗೆ ಗಿರಾಕಿ ಬೇಕು. ಕೂತು ಮಾತಾಡಿಕೊಂಡರು. ಈಗ ಶಿಗ್ಗಾವಿಯಲ್ಲಿ ಹೊಸ ಅಂಗಡಿ. ಒಂದೇ ಕೌಂಟರಿನಲ್ಲಿ ತಂತಿಯೂ ಸಿಗುತ್ತದೆ, ಡಬ್ಬಿಯೂ ಸಿಗುತ್ತದೆ. ಗುದ್ಲೆಪ್ಪನ ಪಕ್ಕದ ಕುರ್ಚಿಯಲ್ಲಿ ಕೂತವನು ಇನಾಯತ.

"ಇಬ್ರೂ ಕಚ್ಚಾಡಿದ್ರ ಇಬ್ರಿಗೂ ಲುಕ್ಸಾನರಿ," ಎಂದ ಇನಾಯತ, ಉದ್ಘಾಟನೆಗೆ ಕರೆಯಲು ಬಂದಾಗ ನನ್ನ ಮುಖ ನೋಡದೆ. "ಧಂದೆ ಅಂದ್ರ ಹಿಂಗ ಇರ್ತೈತಿ."

ಅಫ್ಜಲ ಮಾತ್ರ ಇನ್ನೂ ಒಳಗಿದ್ದಾನೆ. ಅವನಿಗೆ ಜಾಮೀನು ನಿಲ್ಲುವವರಿಲ್ಲ.

ಅಂಗಡಿಯ ಉದ್ಘಾಟನೆಗೆ ನನ್ನನ್ನೂ ಕರೆದಿದ್ದರು. ಹೋಗಲಿಲ್ಲ. ಹೋಗಿದ್ದರೆ ಪೊಲೀಸರಿಗೆ ಇನ್ನೊಂದು ಕೇಸು ಸಿಗುತ್ತಿತ್ತು, ಅದಕ್ಕೆ ಬೇಲೂ ಇರುತ್ತಿರಲಿಲ್ಲ.